ಗದ್ದ ಎತ್ತಿದರೆ ಮಾತ್ರ ಕಾಣುವ ಕನ್ನಡಕ: ತಪ್ಪು ಕಣ್ಣಿನದೋ, ಗಾಜಿನದೋ?

ಪ್ರಶ್ನೆ: ನನಗೆ 53 ವರ್ಷ. ಲೆಕ್ಕಪತ್ರದ ಕೆಲಸ. ದಿನಕ್ಕೆ ಎಂಟು ಗಂಟೆ ಎರಡು ಕಂಪ್ಯೂಟರ್ ಪರದೆಗಳ ಮುಂದೆ ಕೂತಿರುತ್ತೇನೆ. ನಾಲ್ಕು ವರ್ಷದಿಂದ ಪ್ರೋಗ್ರೆಸಿವ್ ಕನ್ನಡಕ (ದೂರ, ಹತ್ತಿರ ಎರಡಕ್ಕೂ ಗೆರೆಯಿಲ್ಲದ ಒಂದೇ ಗಾಜು) ಹಾಕುತ್ತಿದ್ದೆ, ಏನೂ ತೊಂದರೆ ಇರಲಿಲ್ಲ. ಮೂರು ವಾರದ ಹಿಂದೆ ಹೊಸದು ಮಾಡಿಸಿದೆ. ದೂರದ ನಂಬರ್ ಬಲಗಣ್ಣಿಗೆ +0.75, ಎಡಗಣ್ಣಿಗೆ +0.50. ಅದು ಮೊದಲಿನಂತೆಯೇ ಇದೆ. ಓದುವುದಕ್ಕೆ ಅದರ ಮೇಲೆ ಸೇರಿಸುವ ಪವರ್, ಅಂದರೆ ಆಡ್ ಮಾತ್ರ +1.25 ಇದ್ದದ್ದು +2.00 ಆಗಿದೆ. ಈ ಸಲ ಚಿಕ್ಕ, ಅಗಲಕ್ಕೆ ಹೋಲಿಸಿದರೆ ಎತ್ತರ ಕಡಿಮೆಯಿರುವ ಫ್ರೇಮ್ ಆರಿಸಿದೆ. ಈಗ ಪರದೆ ಓದಬೇಕಾದರೆ ಗದ್ದ ಮೇಲೆತ್ತಬೇಕು, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಪುಸ್ತಕದ ಸಾಲಿನ ಬಲತುದಿ ಮಸುಕು. ಮೆಟ್ಟಿಲು ಇಳಿಯುವಾಗ ನೆಲ ಅಲೆ ಅಲೆಯಾಗಿ ತೇಲುತ್ತದೆ. ಕನ್ನಡಕ ಮಾಡಿದವರು "ಅಭ್ಯಾಸ ಆಗುತ್ತೆ, ಹಾಕ್ತಾ ಇರಿ" ಅನ್ನುತ್ತಾರೆ. ಇನ್ನೂ ದುಬಾರಿ ಡಿಸೈನ್ ಹಾಕಿಸಿದರೆ ಅಗಲ ಜಾಸ್ತಿ ಸಿಗುತ್ತದೆ ಅಂತಲೂ ಹೇಳಿದರು. ನನ್ನ ತಂಗಿ, "ಹಾಕಿದಷ್ಟೂ ನಂಬರ್ ಏರುತ್ತೆ ಅಕ್ಕಾ, ಬಿಟ್ಟುಬಿಡು" ಅನ್ನುತ್ತಾಳೆ. ಕಣ್ಣಿನೊಳಗೇ ಮಲ್ಟಿಫೋಕಲ್ ಲೆನ್ಸ್ ಕೂರಿಸಿಬಿಟ್ಟರೆ ಕನ್ನಡಕದ ಗೋಜೇ ಇರುವುದಿಲ್ಲ ಅಂತ ಕೇಳಿದ್ದೇನೆ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರ ಓದುವಾಗ ಎರಡು ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದೆ. ಆಡ್ +1.25ರಿಂದ +2.00ಕ್ಕೆ ಹೋದದ್ದು ಒಂದು, ಚಿಕ್ಕ ಫ್ರೇಮ್ ಇನ್ನೊಂದು. ಇವೆರಡೂ ಒಂದೇ ಸಲ ಬಂದರೆ ಜನ ಹೇಳುವ ದೂರು ಹೆಚ್ಚುಕಮ್ಮಿ ನೀವು ಬರೆದ ಹಾಗೆಯೇ ಇರುತ್ತದೆ. ನಿಮಗೆ ಗೊತ್ತಾಗಬೇಕಿರುವುದು ಇಷ್ಟು, ಅಲ್ವಾ: ಇದು ನನ್ನ ಕಣ್ಣು ಒಗ್ಗಿಕೊಳ್ಳದ ತಪ್ಪೋ, ಕನ್ನಡಕದ ತಪ್ಪೋ? ನನ್ನ ಅಂದಾಜಿನಲ್ಲಿ ನಿಮ್ಮ ಕಣ್ಣಿನ ಪಾಲು ಕಡಿಮೆ, ಫ್ರೇಮಿನ ಪಾಲು ಜಾಸ್ತಿ.

ಮೊದಲು ತಂಗಿಯ ಮಾತು ಮುಗಿಸಿಬಿಡೋಣ. ಕನ್ನಡಕ ಹಾಕಿದ್ದರಿಂದ ನಂಬರ್ ಏರುವುದಿಲ್ಲ. ಕಣ್ಣೊಳಗಿನ ಮಸೂರ ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಂಡು ಪವರ್ ಹೆಚ್ಚಿಸಿಕೊಳ್ಳುತ್ತದೆ. ಹತ್ತು ವರ್ಷದ ಮಗು ಪುಸ್ತಕವನ್ನು ಏಳೆಂಟು ಸೆಂಟಿಮೀಟರ್ ಹತ್ತಿರಕ್ಕೆ ತಂದರೂ ಓದಬಲ್ಲದು. ವರ್ಷ ಕಳೆದಂತೆ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ. ಐವತ್ತು ದಾಟಿದ ಮೇಲೆ ಒಂದು ಡಯಾಪ್ಟರಿನಷ್ಟು (ಡಯಾಪ್ಟರ್ ಅಂದರೆ ಪವರ್ ಅಳೆಯುವ ಮಾನ) ಶಕ್ತಿ ಉಳಿದಿದ್ದರೆ ಅದೇ ಹೆಚ್ಚು. ಹಿರಿಯರು ಇದನ್ನು ಚಾಳೀಸು ಅಂತ ಸುಮ್ನೆ ಕರೆಯಲಿಲ್ಲ. ನಲವತ್ತಕ್ಕೆ ಶುರುವಾಗುತ್ತದೆ, ಕನ್ನಡಕ ಹಾಕಿದರೂ ಬರುತ್ತದೆ, ಹಾಕದಿದ್ದರೂ ಬರುತ್ತದೆ. ಕಣ್ಣಿನ ವ್ಯಾಯಾಮದಿಂದ ಗಟ್ಟಿಯಾದ ಮಸೂರ ಮತ್ತೆ ಮೆತ್ತಗಾಗುವುದಿಲ್ಲ.

ಈ ಏರಿಕೆಗೂ ಒಂದು ಕೊನೆಯಿದೆ. 40 ಸೆಂಟಿಮೀಟರ್ ದೂರದಲ್ಲಿ ಓದಲು ಬೇಕಾದ ಪವರ್ 2.5 ಡಯಾಪ್ಟರ್. ಕಣ್ಣಿನ ಸ್ವಂತ ಶಕ್ತಿ ಪೂರ್ತಿ ಖಾಲಿಯಾದ ಮೇಲೆ ಅಷ್ಟನ್ನೂ ಗಾಜೇ ಕೊಡಬೇಕು. ಹಾಗಾಗಿ ಅರವತ್ತರ ಆಸುಪಾಸಿನಲ್ಲಿ ಆಡ್ +2.50ಕ್ಕೆ ಬಂದು ಬಹುಮಟ್ಟಿಗೆ ನಿಂತುಬಿಡುತ್ತದೆ. ಆಡ್ ಅಂದರೆ ಇಷ್ಟೇ: ಓದುವುದಕ್ಕೋಸ್ಕರ ದೂರದ ನಂಬರಿನ ಮೇಲೆ ಸೇರಿಸುವ ಪವರ್. ನಿಮ್ಮ ವಯಸ್ಸಿಗೆ +2.00 ಅಂದರೆ ಸಹಜವಾದ ಅಂಕೆ.

ಈಗ ಗಾಜಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕಂದರೆ ಇದು ಅರ್ಥವಾದರೆ ಮುಂದಿನ ತೀರ್ಮಾನ ನೀವೇ ಮಾಡಬಹುದು.

ಒಂದೇ ಕನ್ನಡಕದಲ್ಲಿ ಎರಡು ದೂರ ನೋಡುವ ಆಸೆ ಹಳೆಯದು. ಆಗ ಫ್ರಾನ್ಸಿನಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಬರೆದ ಒಂದು ಕಾಗದದಲ್ಲಿ ತನ್ನ ಜೋಡಿ ಕನ್ನಡಕದ ಬಗ್ಗೆ ಹೇಳಿಕೊಂಡಿದ್ದಾನೆ. ಎರಡು ಬಗೆಯ ಗಾಜುಗಳನ್ನು ಅರ್ಧಕ್ಕೆ ಕತ್ತರಿಸಿ, ಒಂದೇ ಚೌಕಟ್ಟಿನಲ್ಲಿ ಮೇಲೊಂದು ಕೆಳಗೊಂದು ಕೂರಿಸಿದ್ದ. ಊಟದ ಮೇಜಿನಲ್ಲಿ ತಟ್ಟೆಯೂ ಕಾಣಬೇಕು, ಎದುರು ಕೂತವರ ಮುಖವೂ ಕಾಣಬೇಕು. ಮಾತಾಡುವವರ ಮುಖ ಸರಿಯಾಗಿ ಕಂಡರೆ ತನಗೆ ಫ್ರೆಂಚ್ ಹೆಚ್ಚು ಅರ್ಥವಾಗುತ್ತದೆ ಅನ್ನುವುದು ಅವನ ವಾದ. ಈ ಬೈಫೋಕಲ್‌ನಲ್ಲಿ ಎರಡು ದೂರಗಳು ಮಾತ್ರ ಸಿಗುತ್ತವೆ. ನಡುವಿನ ದೂರ, ಅಂದರೆ ನಿಮ್ಮ ಕಂಪ್ಯೂಟರ್ ಇರುವ ಜಾಗ, ಅದರಲ್ಲಿಲ್ಲ. ಗೆರೆ ದಾಟುವಾಗ ಚಿತ್ರ ಟಪ್ ಅಂತ ಜಿಗಿಯುತ್ತದೆ.

ಗೆರೆಯಿಲ್ಲದೆ, ಮೇಲಿನಿಂದ ಕೆಳಕ್ಕೆ ಪವರ್ ನಿಧಾನವಾಗಿ ಏರುವ ಗಾಜು, ಅಂದರೆ ನಿಮ್ಮ ಪ್ರೋಗ್ರೆಸಿವ್, ಜನಬಳಕೆಗೆ ಬಂದದ್ದು 1959ರಲ್ಲಿ, ಬರ್ನಾರ್ಡ್ ಮೆಟನಾಝ್ ರೂಪಿಸಿದ ವಾರಿಲಕ್ಸ್ ಮೂಲಕ. ಮೇಲೆ ದೂರಕ್ಕೆ, ಕೆಳಗೆ ಓದಿಗೆ, ನಡುವೆ ಎರಡನ್ನೂ ಸೇರಿಸುವ ಒಂದು ಕಿರಿದಾದ ಓಣಿ. ಆ ಓಣಿಗೆ ನಾವು ಕಾರಿಡಾರ್ ಅನ್ನುತ್ತೇವೆ.

ತೊಡಕು ಇರುವುದು ಓಣಿಯ ಎಡಬಲದಲ್ಲಿ. ಪವರ್ ಬದಲಾಗುತ್ತಾ ಹೋಗಬೇಕಾದರೆ ಗಾಜಿನ ಬಾಗು ಜಾಗದಿಂದ ಜಾಗಕ್ಕೆ ಬದಲಾಗಬೇಕು. ಹಾಗೆ ಬದಲಾಗುವ ಮೈಯಲ್ಲಿ ಪಕ್ಕಕ್ಕೆ ಬೇಡದ ಸಿಲಿಂಡರ್ ಪವರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುವ ಪವರ್, ಹುಟ್ಟಿಕೊಳ್ಳುತ್ತದೆ. ಅದೇ ನಿಮ್ಮ ಮಸುಕು, ಅದೇ ನಿಮ್ಮ ಅಲೆ. ಎಷ್ಟು ಹುಟ್ಟುತ್ತದೆ ಅನ್ನುವುದಕ್ಕೂ ಲೆಕ್ಕವಿದೆ. ಗುಂಟರ್ ಮಿಂಕ್‌ವಿಟ್ಸ್ ಅನ್ನುವ ಜರ್ಮನ್ ಗಣಿತಜ್ಞ 1963ರಲ್ಲಿ ತೋರಿಸಿಕೊಟ್ಟ ನಿಯಮ ಅದು: ಓಣಿಯ ಉದ್ದಕ್ಕೆ ಪವರ್ ಎಷ್ಟು ವೇಗವಾಗಿ ಏರುತ್ತದೋ, ಪಕ್ಕಕ್ಕೆ ಸಿಲಿಂಡರ್ ಅದರ ಎರಡರಷ್ಟು ವೇಗದಲ್ಲಿ ಏರುತ್ತದೆ.

ಕೋಣೆಗಿಂತ ಕೊಂಚ ದೊಡ್ಡದಾದ ಜಮಖಾನ ಹಾಸಿದ್ದೀರಿ ಅಂದುಕೊಳ್ಳಿ. ಉಬ್ಬಿದ ಕಡೆ ಕಾಲಿನಿಂದ ಒತ್ತಿದರೆ ಉಬ್ಬು ಇನ್ನೊಂದು ಕಡೆ ಏಳುತ್ತದೆ. ಡಿಸೈನ್ ಮಾಡುವವರ ಕೆಲಸ ಹೆಚ್ಚುಕಮ್ಮಿ ಇದೇ. ಉಬ್ಬನ್ನೆಲ್ಲ ಒಟ್ಟುಗೂಡಿಸಿ ಮೂಲೆಗೆ ತಳ್ಳಿದರೆ ನಡುವೆ ಅಗಲವಾಗಿ ಸ್ಪಷ್ಟ ಜಾಗ ಸಿಗುತ್ತದೆ, ಆದರೆ ಅಂಚು ದಾಟಿದ ತಕ್ಷಣ ಜೋರಾಗಿ ಮಸುಕು. ತೆಳ್ಳಗೆ ಎಲ್ಲ ಕಡೆ ಹರಡಿದರೆ ತೇಲಾಟ ಕಡಿಮೆ, ಆದರೆ ಪೂರ್ತಿ ಸ್ಪಷ್ಟವಾದ ಜಾಗ ಕಿರಿದು. ಮೊದಲನೆಯದನ್ನು ಹಾರ್ಡ್ ಡಿಸೈನ್, ಎರಡನೆಯದನ್ನು ಸಾಫ್ಟ್ ಡಿಸೈನ್ ಅನ್ನುತ್ತಾರೆ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಮಸುಕು ಎಲ್ಲಿದ್ದರೆ ನಿಮಗೆ ಅಡ್ಡಿಯಿಲ್ಲ ಅಂತ ವಾಪಸ್ ಕೇಳುತ್ತೇನೆ.

ನಿಮ್ಮ ಅಂಕೆಗಳನ್ನೇ ಹಾಕಿ ನೋಡೋಣ. ಹಳೆಯದು ದೊಡ್ಡ ಫ್ರೇಮ್, ಓಣಿ 14 ಮಿ.ಮೀ. ಇತ್ತು ಅಂತ ಇಟ್ಟುಕೊಳ್ಳಿ. +1.25 ಪವರ್ 14 ಮಿಲಿಮೀಟರಿನಲ್ಲಿ ಸಮನಾಗಿ ಏರಿದರೆ, ಪಕ್ಕಕ್ಕೆ ಸಿಲಿಂಡರ್ ಅರ್ಧ ಡಯಾಪ್ಟರ್ ಮುಟ್ಟುವಷ್ಟರಲ್ಲಿ ಓಣಿಗೆ ಒಟ್ಟು 5.6 ಮಿ.ಮೀ. ಅಗಲ ಸಿಗುತ್ತದೆ. ಹೊಸದರಲ್ಲಿ ಎತ್ತರವಿಲ್ಲ. ಓಣಿಯನ್ನು 10 ಮಿಲಿಮೀಟರಿಗೆ ಕುಗ್ಗಿಸಿರುತ್ತಾರೆ, ಏರಬೇಕಾದ ಪವರ್ +2.00. ಅಗಲ 2.5 ಮಿಲಿಮೀಟರಿಗೆ ಇಳಿಯಿತು. ಅರ್ಧಕ್ಕಿಂತ ಕಡಿಮೆ! 65 ಸೆಂಟಿಮೀಟರ್ ಆಚೆಗಿರುವ ಪರದೆಯ ಮೇಲೆ ಇದು ಎಷ್ಟಾಗುತ್ತದೆ ಅಂದರೆ, ಮೊದಲು ಸುಮಾರು 14 ಸೆಂಟಿಮೀಟರ್ ಅಗಲದ ಪಟ್ಟಿ ತಲೆ ಅಲ್ಲಾಡಿಸದೆ ಚೊಕ್ಕವಾಗಿ ಕಾಣುತ್ತಿತ್ತು, ಈಗ ಆರು ಸೆಂಟಿಮೀಟರ್. ಇದು ಒರಟು ಲೆಕ್ಕ, ನಿಜವಾದ ಗಾಜಿನಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ಅರ್ಧ ಡಯಾಪ್ಟರ್ ದಾಟಿದ ಕೂಡಲೇ ಕತ್ತಲೆಯೇನೂ ಕವಿಯುವುದಿಲ್ಲ, ಅಕ್ಷರದ ಅಂಚು ಕರಗಲು ಶುರುವಾಗುತ್ತದೆ. ಆದರೆ ಎರಡು ಪರದೆಗಳಲ್ಲಿ ಅಂಕೆಗಳ ಸಾಲು ಹುಡುಕುವವರಿಗೆ ಅಷ್ಟೇ ಸಾಕು ತಲೆ ಕೆಡಲು.

ಗದ್ದ ಯಾಕೆ ಎತ್ತುತ್ತಿದ್ದೀರಿ ಅನ್ನುವುದೂ ಇದೇ ಲೆಕ್ಕದಲ್ಲಿದೆ. ಪರದೆಗೆ ಬೇಕಾದ ಪವರ್ ಇರುವುದು ಓಣಿಯ ನಡುಮಧ್ಯೆ, ಕಣ್ಣಿನ ಪಾಪೆಯ ನೇರದಿಂದ ಸುಮಾರು 5 ಮಿ.ಮೀ. ಕೆಳಗೆ. ಅಲ್ಲಿಂದ ನೋಡಬೇಕಾದರೆ ಕಣ್ಣು ಹತ್ತು ಡಿಗ್ರಿ ಕೆಳಗಿಳಿಯಬೇಕು. ಪುಸ್ತಕ ಹೇಗೂ ಕೆಳಗಿರುತ್ತದೆ, ತೊಂದರೆಯಿಲ್ಲ. ಪರದೆ ಮುಖದ ನೇರಕ್ಕಿದ್ದರೆ ಕಣ್ಣು ಇಳಿಯುವ ಬದಲು ಗದ್ದ ಏರುತ್ತದೆ. ಇದರ ಮೇಲೆ ಕನ್ನಡಕ ಮೂಗಿನ ಮೇಲೆ ಎರಡೂವರೆ ಮಿಲಿಮೀಟರ್ ಜಾರಿದ್ದರೆ ಇನ್ನೊಂದು ಐದು ಡಿಗ್ರಿ. ದಿನಕ್ಕೆ ಎಂಟು ಗಂಟೆ ಹದಿನೈದು ಡಿಗ್ರಿ ಗದ್ದ ಎತ್ತಿಕೊಂಡು ಕೂತರೆ ಯಾರ ಕುತ್ತಿಗೆಯಾದರೂ ಹಿಡಿಯುತ್ತದೆ.

(ನನ್ನ ಮೊದಲ ಪ್ರೋಗ್ರೆಸಿವ್‌ಗೆ ನಾನೂ ಇಂಥದ್ದೇ ಫ್ರೇಮ್ ಆರಿಸಿದ್ದೆ. ಬೇರೆಯವರಿಗೆ ಬೇಡ ಅಂತ ದಿನಾ ಬುದ್ಧಿ ಹೇಳುತ್ತಾ, ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ತಗೊಂಡೆ. ಆರು ವಾರ ಗದ್ದ ಎತ್ತಿಕೊಂಡು ಓಡಾಡಿದ ಮೇಲೆ ಬಿಟ್ಟೆ.)

"ಅಭ್ಯಾಸ ಆಗುತ್ತೆ" ಅನ್ನುವುದು ಪೂರ್ತಿ ಸುಳ್ಳಲ್ಲ. ನೆಲ ತೇಲುವುದು, ಬಾಗಿಲ ಚೌಕಟ್ಟು ತುಸು ಬಾಗಿದಂತೆ ಕಾಣುವುದು, ಇವಕ್ಕೆ ಮಿದುಳು ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಅದಕ್ಕೆ ಬೆಳಿಗ್ಗೆಯಿಂದ ರಾತ್ರಿವರೆಗೆ ಹೊಸದನ್ನೇ ಹಾಕಬೇಕು. ಬೇಜಾರಾದಾಗಲೆಲ್ಲ ಹಳೆಯದಕ್ಕೆ ಹೋದರೆ ಲೆಕ್ಕ ಮತ್ತೆ ಮೊದಲಿನಿಂದ. ಆದರೆ ಗಾಜು ಮೂರು ಮಿಲಿಮೀಟರ್ ಕೆಳಗೆ ಕೂತಿದ್ದರೆ ಅದಕ್ಕೆ ಯಾವ ಮಿದುಳೂ ಒಗ್ಗುವುದಿಲ್ಲ, ಕುತ್ತಿಗೆ ಒಗ್ಗಿಕೊಳ್ಳಲು ನೋಡುತ್ತದೆ. ಮೂರು ವಾರ ಆಯಿತು ಅಂದಿದ್ದೀರಿ. ಇನ್ನು ಕಾಯುವುದು ಬೇಡ, ಅಳೆಸಿ.

ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕನ್ನಡಕ ತೆಗೆದು ಗಾಜಿನ ಮೇಲೆ ಹಾ ಅಂತ ಉಸಿರು ಬಿಡಿ. ದೀಪದ ಎದುರು ಓರೆಯಾಗಿ ಹಿಡಿದು ಆಚೀಚೆ ಹೊರಳಿಸಿ. ಪ್ರತಿ ಗಾಜಿನಲ್ಲೂ ಕೂದಲೆಳೆಯಷ್ಟು ತೆಳ್ಳಗೆ ಕೆತ್ತಿದ ಎರಡು ಗುರುತು ಕಾಣುತ್ತವೆ, ಸಾಮಾನ್ಯವಾಗಿ ಪುಟ್ಟ ವೃತ್ತಗಳು, ಒಂದಕ್ಕೊಂದು 34 ಮಿ.ಮೀ. ದೂರ. ಕಿವಿಯ ಕಡೆಯ ಗುರುತಿನ ಕೆಳಗೆ ಆಡ್ ಬರೆದಿರುತ್ತಾರೆ, ನಿಮ್ಮದರಲ್ಲಿ 20 ಅಥವಾ 2.0 ಅಂತ ಇರಬೇಕು. ಎರಡೂ ಗಾಜಿನ ಗುರುತುಗಳು ಒಂದೇ ಮಟ್ಟದಲ್ಲಿವೆಯೇ ನೋಡಿ. ಒಂದು ಕಡೆಯ ಗೆರೆ ವಾಲಿದ್ದರೆ ಗಾಜು ಫ್ರೇಮಿನೊಳಗೆ ತಿರುಗಿ ಕೂತಿದೆ ಅಂತ ಅರ್ಥ.

ಮುಂದಿನದನ್ನು ಕನ್ನಡಕ ಮಾಡಿದವರ ಹತ್ತಿರ ಮಾಡಿಸಿ. ಆ ಗುರುತುಗಳನ್ನು ಹಿಡಿದು, ಆ ಕಂಪನಿಯ ಚಾರ್ಟ್ ಮೇಲಿಟ್ಟು, ಗಾಜಿನ ಮೇಲೆ ಶಾಯಿಯಲ್ಲಿ ಫಿಟ್ಟಿಂಗ್ ಕ್ರಾಸ್ ಮತ್ತೆ ಹಾಕಿಕೊಡಿ ಅಂತ ಕೇಳಿ. ಐದು ನಿಮಿಷದ ಕೆಲಸ. ಕನ್ನಡಕ ಹಾಕಿಕೊಂಡು, ಎದುರು ಕೂತವರನ್ನು ನೇರವಾಗಿ ನೋಡಿದಾಗ ಆ ಕ್ರಾಸ್ ಪಾಪೆಯ ನಟ್ಟನಡುವೆ ಬರಬೇಕು. ಕೆಳಗಿದ್ದರೆ ನಿಮ್ಮ ಗದ್ದದ ಗುಟ್ಟು ಬಯಲಾಯಿತು. ಮೂಗಿನ ಪ್ಯಾಡ್ ಇರುವ ಫ್ರೇಮ್ ಆದರೆ ಪ್ಯಾಡ್‌ಗಳನ್ನು ಒಳಕ್ಕೆ ಒತ್ತಿ ಒಂದೆರಡು ಮಿಲಿಮೀಟರ್ ಮೇಲೆತ್ತಬಹುದು. ಗಾಜಿನ ಕೆಳ ಅಂಚು ಕೆನ್ನೆಯ ಕಡೆಗೆ ತುಸು ಬಾಗಿರಬೇಕು, ಎಂಟರಿಂದ ಹನ್ನೆರಡು ಡಿಗ್ರಿ. ಗಾಜು ಕಣ್ಣಿಗೆ ಹತ್ತಿರ ಕೂರುವಂತೆ ಕಾಲುಗಳನ್ನು ಸರಿ ಮಾಡಬೇಕು. ಬೀಗದ ಕಿಂಡಿಯಿಂದ ನೋಡುವ ಹಾಗೆ: ಕಣ್ಣು ಹತ್ತಿರ ಹೋದಷ್ಟೂ ಕೋಣೆ ಅಗಲ ಕಾಣುತ್ತದೆ. ಹೊಸ ಗಾಜಿಲ್ಲದೆ, ಬರೀ ಇಕ್ಕಳದ ಕೆಲಸದಲ್ಲೇ ಅರ್ಧ ದೂರು ಹೋದ ಎಷ್ಟೋ ಜನರನ್ನು ನೋಡಿದ್ದೇನೆ.

ಸಾಲಿನ ಬಲತುದಿ ಮಸುಕು ಅಂದಿರಲ್ಲ, ಅದಕ್ಕೆ ಬೇರೆ ಪರೀಕ್ಷೆ. ಪುಸ್ತಕವನ್ನು ಮೂಗಿನ ನೇರಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಓದಿ, ಆಮೇಲೆ ಇನ್ನೊಂದು. ಎರಡೂ ಕಣ್ಣಿಗೆ ಸ್ಪಷ್ಟ ಜಾಗ ನಡುವೆಯೇ ಇದ್ದು ಅಂಚುಗಳು ಮಾತ್ರ ಮಸುಕಾದರೆ ಅದು ಕಿರಿದಾದ ಓಣಿಯ ಕಥೆ. ಒಂದು ಕಣ್ಣಿಗೆ ಪುಟದ ನಡು ಸ್ಪಷ್ಟ, ಇನ್ನೊಂದಕ್ಕೆ ಎಡಕ್ಕೆ ಸರಿದ ಜಾಗ ಸ್ಪಷ್ಟ ಅಂತಾದರೆ ಪಿ.ಡಿ. ಅಳತೆ ತಪ್ಪಿದೆ, ಅಂದರೆ ಮೂಗಿನ ನಡುವಿನಿಂದ ಆ ಪಾಪೆಗೆ ಇರುವ ದೂರ. ಇದನ್ನು ಎರಡು ಕಣ್ಣಿಗೂ ಬೇರೆ ಬೇರೆ ಅಳೆಯಬೇಕು, ಯಾಕಂದರೆ ಮುಖದ ಎರಡು ಅರ್ಧ ಒಂದೇ ಅಳತೆಯಲ್ಲಿ ಇರುವುದು ಅಪರೂಪ. ಒಟ್ಟು ಅಳತೆಯನ್ನು ಸುಮ್ನೆ ಎರಡರಿಂದ ಭಾಗಿಸಿದ್ದರೆ ಇಂಥ ಎಡವಟ್ಟು ಆಗುತ್ತದೆ. ಎರಡೂವರೆ ಮಿಲಿಮೀಟರಿನ ಓಣಿಯಲ್ಲಿ ಒಂದೂವರೆ ಮಿಲಿಮೀಟರ್ ತಪ್ಪು ಸಣ್ಣದಲ್ಲ. ಇಲ್ಲಿ ತಪ್ಪು ಸಿಕ್ಕರೆ ಗಾಜು ಮತ್ತೆ ಮಾಡಿಕೊಡಿ ಅಂತ ಸಂಕೋಚವಿಲ್ಲದೆ ಕೇಳಿ.

ನಡುವೆ ಇನ್ನೊಂದು ಮಾತು. ಕನ್ನಡಕ ತೆಗೆದಿಟ್ಟು, ಒಂದೊಂದೇ ಕಣ್ಣಿನಲ್ಲಿ ಕಿಟಕಿಯ ಸರಳು ನೋಡಿ. ಆಗಲೂ ಸರಳು ನಡುವೆ ಸೊಟ್ಟಗೆ ಕಂಡರೆ ಇಲ್ಲಿ ಹೇಳಿದ್ದೆಲ್ಲ ಪಕ್ಕಕ್ಕಿಟ್ಟು ರೆಟಿನಾ ನೋಡುವ ಕಣ್ಣಿನ ಡಾಕ್ಟರ ಹತ್ತಿರ ಬೇಗ ಹೋಗಿ. ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಂಡರೂ, ಕಣ್ಣಲ್ಲಿ ಮಿಂಚು ಹೊಡೆದಂತಾದರೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದು ಸಕ್ಕರೆ ಏರಿಳಿಯುತ್ತಿದ್ದರೆ ನಂಬರೂ ಏರಿಳಿಯುತ್ತದೆ. ಆಗ ಅಳೆಸಿದ ಕನ್ನಡಕ ಎಷ್ಟೇ ಚೆನ್ನಾಗಿ ಕೂತರೂ ಪ್ರಯೋಜನವಿಲ್ಲ.

ಎಲ್ಲ ಅಳತೆ ಸರಿಯಿದ್ದೂ ತೊಂದರೆ ಉಳಿದರೆ? ಆಗ ದುಬಾರಿ ಡಿಸೈನಿನ ಪ್ರಶ್ನೆ ಬರುತ್ತದೆ. ಈಗ ಕಂಪ್ಯೂಟರ್ ಲೆಕ್ಕ ಹಾಕಿ, ಗಾಜಿನ ಹಿಂಬದಿಯನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುವ ಫ್ರೀಫಾರ್ಮ್ ಗಾಜುಗಳಿವೆ. ದೊಡ್ಡ ನಂಬರ್ ಇರುವವರಿಗೆ, ಸಿಲಿಂಡರ್ ಜಾಸ್ತಿ ಇರುವವರಿಗೆ, ಮುಖಕ್ಕೆ ಸುತ್ತುವ ಬಾಗಿದ ಫ್ರೇಮ್ ಹಾಕುವವರಿಗೆ ಅವುಗಳಿಂದ ನಿಜವಾಗಿ ಲಾಭವಿದೆ. ನಿಮ್ಮ ದೂರದ ನಂಬರ್ ಮುಕ್ಕಾಲು, ಅರ್ಧ. ನಿಮಗೆ ಸಿಗುವ ಲಾಭ ಸಣ್ಣದು. ಎಷ್ಟೇ ಖರ್ಚು ಮಾಡಿದರೂ 10 ಮಿಲಿಮೀಟರಿನ ಓಣಿ 10 ಮಿಲಿಮೀಟರಿನದೇ, ಮಿಂಕ್‌ವಿಟ್ಸ್ ನಿಯಮಕ್ಕೆ ರಿಯಾಯಿತಿ ಇಲ್ಲ. ನಾನಾಗಿದ್ದರೆ ಆ ಹಣವನ್ನು ಫ್ರೇಮ್ ಬದಲಿಸಲು ಹಾಕುತ್ತೇನೆ. ಗಾಜಿನ ಎತ್ತರ 30 ಮಿ.ಮೀ.ಗಿಂತ ಕಡಿಮೆ ಬೇಡ. ಪಾಪೆಯ ನೇರದಿಂದ ಕೆಳ ಅಂಚಿಗೆ 18 ಮಿಲಿಮೀಟರಾದರೂ ಇರಲಿ, 20 ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಉದ್ದನೆಯ ಓಣಿ ಹಾಕಬಹುದು.

ಆದರೂ ನಿಮ್ಮ ಎಂಟು ಗಂಟೆಯ ಎರಡು ಪರದೆಗೆ ನಾನು ಸೂಚಿಸುವುದು ಇನ್ನೊಂದು ಕನ್ನಡಕ. ಆಫೀಸ್ ಲೆನ್ಸ್ ಅಂತ ಕೇಳಿ. ಅದರಲ್ಲಿ ಮೇಲ್ಭಾಗದಲ್ಲೇ ಪರದೆಯ ಪವರ್ ಇರುತ್ತದೆ, ಕೆಳಕ್ಕೆ ಓದುವ ಪವರ್. ಏರಬೇಕಾದ ವ್ಯತ್ಯಾಸ ಎರಡು ಡಯಾಪ್ಟರಿನಿಂದ ಮುಕ್ಕಾಲು, ಒಂದಕ್ಕೆ ಇಳಿಯುತ್ತದೆ. ವ್ಯತ್ಯಾಸ ಇಳಿದಷ್ಟೂ ಅಗಲ ಹೆಚ್ಚುತ್ತದೆ, ಅದೇ ನಿಯಮ ಈಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಗದ್ದ ಎತ್ತುವ ಮಾತೇ ಇಲ್ಲ. ತೊಡಕು ಒಂದೇ: ಒಂದೆರಡು ಮೀಟರ್ ಆಚೆಗಿನದು ಇದರಲ್ಲಿ ಮಂಜು. ಗಾಡಿ ಓಡಿಸಬಾರದು, ಕುರ್ಚಿಯಿಂದ ಎದ್ದು ಹೊರಗೆ ಹೋಗುವಾಗ ಬದಲಿಸಲೇಬೇಕು. ಎರಡು ಕನ್ನಡಕದ ಕಿರಿಕಿರಿ ಬೇಡ ಅನ್ನುವವರಿದ್ದಾರೆ, ಅದೂ ನ್ಯಾಯವೇ. ಅಂಥವರು ಪರದೆಯನ್ನು ಕೆಳಗಿಳಿಸಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗೆ ಬರುವಂತೆ ಮಾಡಿಕೊಂಡರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಇದನ್ನು ಇವತ್ತೇ ಮಾಡಿ ನೋಡಿ.

ಮೆಟ್ಟಿಲ ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಗಾಜಿನ ಕೆಳಭಾಗ ಇರುವುದು 40 ಸೆಂಟಿಮೀಟರಿಗೆ, ನಿಮ್ಮ ಪಾದ ಇರುವುದು ಒಂದೂವರೆ ಮೀಟರ್ ಕೆಳಗೆ. ಮೆಟ್ಟಿಲಿನ ಅಂಚು ಮಸುಕಾಗುವುದು ಅದಕ್ಕೆ. ಇಳಿಯುವಾಗ ಕಣ್ಣಷ್ಟೇ ಕೆಳಗೆ ಮಾಡದೆ ತಲೆಯನ್ನೇ ಬಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೋಡಿ, ಕೈ ಕಂಬಿಯ ಮೇಲಿರಲಿ. ವಯಸ್ಸಾದವರಲ್ಲಿ ಮಲ್ಟಿಫೋಕಲ್ ಕನ್ನಡಕ (ಬೈಫೋಕಲ್, ಪ್ರೋಗ್ರೆಸಿವ್‌ನಂಥದ್ದು) ಹಾಕುವವರು ಬೀಳುವ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹೊರಗಡೆ ಹೆಚ್ಚು ಓಡಾಡುವವರಿಗೆ ಬರೀ ದೂರದ ಕನ್ನಡಕ ಬೇರೆ ಕೊಟ್ಟಾಗ ಬೀಳುವುದು ಕಡಿಮೆಯಾಯಿತು. ಹೊರಗೆ ಅಷ್ಟಾಗಿ ಹೋಗದವರಲ್ಲಿ ಹಾಗಾಗಲಿಲ್ಲ, ಅವರು ಹೊರಗೆ ಬೀಳುವುದು ಹೆಚ್ಚೇ ಆಯಿತು. ಅಂದರೆ ಇದು ಎಲ್ಲರಿಗೂ ಒಂದೇ ಮದ್ದಲ್ಲ. ನೀವು ದಿನಾ ವಾಕಿಂಗ್ ಹೋಗುವವರಾದರೆ ಬರೀ ದೂರದ ಒಂದು ಕನ್ನಡಕ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಕಣ್ಣಿನೊಳಗಿನ ಲೆನ್ಸ್. ಅಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ. ಕನ್ನಡಕದಲ್ಲಿ ನೀವು ಕಣ್ಣು ಹೊರಳಿಸಿ ಬೇಕಾದ ಜಾಗ ಆರಿಸುತ್ತೀರಿ. ಕಣ್ಣೊಳಗಿನ ಮಲ್ಟಿಫೋಕಲ್ ಲೆನ್ಸ್ ಒಳಬಂದ ಬೆಳಕನ್ನೇ ಪಾಲು ಮಾಡುತ್ತದೆ: ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ. ಎರಡು ಚಿತ್ರವೂ ಸದಾ ಒಟ್ಟಿಗೆ ಬೀಳುತ್ತಿರುತ್ತವೆ, ಮಿದುಳು ಬೇಕಾದ್ದನ್ನು ಆರಿಸಿಕೊಳ್ಳಬೇಕು. ಕನ್ನಡಕ ಬಿಟ್ಟು ಸುಖವಾಗಿರುವವರು ಬೇಕಾದಷ್ಟಿದ್ದಾರೆ. ಅದಕ್ಕೆ ತೆರುವ ಬೆಲೆ ಅಂದರೆ ರಾತ್ರಿ ದೀಪಗಳ ಸುತ್ತ ಬಳೆಗಳು, ಮಬ್ಬು ಬೆಳಕಿನಲ್ಲಿ ತಿಳಿ-ಗಾಢದ ನಡುವಿನ ವ್ಯತ್ಯಾಸ ಕುಂದುವುದು. ರಾತ್ರಿ ಗಾಡಿ ಓಡಿಸುವವರಿಗೆ, ರೆಟಿನಾ ತೊಂದರೆ, ಗ್ಲುಕೋಮಾ ಅಥವಾ ಕಣ್ಣು ಒಣಗುವ ಸಮಸ್ಯೆ ಇರುವವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಪೊರೆ ಬಂದು ಹೇಗೂ ಆಪರೇಷನ್ ಆಗಬೇಕಿದ್ದರೆ ಯಾವ ಲೆನ್ಸ್ ಅಂತ ಡಾಕ್ಟರ ಜೊತೆ ಕೂತು ಮಾತಾಡುವುದು ಸರಿ. ಪೊರೆಯೇ ಇಲ್ಲದ ತಿಳಿಯಾದ ಮಸೂರವನ್ನು ಬರೀ ಚಾಳೀಸಿಗಾಗಿ ತೆಗೆಸುವುದು ಬೇರೆ ಮಾತು. ಸೋಂಕು, ರೆಟಿನಾ ಕಳಚುವುದು, ಇವೆಲ್ಲ ಅಪರೂಪವಾದರೂ ನಿಜವಾದ ಅಪಾಯಗಳು. ಹಿಡಿಸದ ಕನ್ನಡಕವನ್ನು ಡ್ರಾಯರಿಗೆ ಹಾಕಬಹುದು, ಇದನ್ನು ಹಾಗೆ ಮಾಡಲಾಗದು. ನಿಮ್ಮ ಸ್ಥಿತಿಯಲ್ಲಿ, ಒಂದು ಫ್ರೇಮಿನ ತಪ್ಪಿಗೆ ಆಪರೇಷನ್ ವರೆಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸ್ ಕೂಡ ಬೆಳಕು ಪಾಲು ಮಾಡುವ ಜಾತಿಯದೇ. ಆದರೆ ಬೇಡವೆನಿಸಿದರೆ ಸಂಜೆ ತೆಗೆದಿಡಬಹುದು. ಕುತೂಹಲವಿದ್ದರೆ ಅದನ್ನು ಮೊದಲು ಪ್ರಯತ್ನಿಸಿ.

ಮತ್ತೆ ಕನ್ನಡಕದವರ ಹತ್ತಿರ ಹೋಗುವ ಮುಂಚೆ ಒಂದು ಟೇಪ್ ತಗೊಂಡು, ಯಾವಾಗಲೂ ಕೂರುವಂತೆ ಕೂತು, ಕಣ್ಣಿನಿಂದ ಎರಡೂ ಪರದೆಗೆ ಎಷ್ಟು ದೂರ, ಓದುವ ಕಾಗದಕ್ಕೆ ಎಷ್ಟು ದೂರ ಅಂತ ಯಾರಿಂದಾದರೂ ಅಳೆಸಿ ಬರೆದುಕೊಳ್ಳಿ. ಹಳೆಯ ಕನ್ನಡಕವನ್ನೂ ಜೊತೆಗೆ ಒಯ್ಯಿರಿ. ನಾಲ್ಕು ವರ್ಷ ತಕರಾರಿಲ್ಲದೆ ನಡೆದ ಗಾಜಿನ ಓಣಿ ಎಷ್ಟು ಉದ್ದವಿತ್ತು, ಕ್ರಾಸ್ ಎಲ್ಲಿ ಕೂತಿತ್ತು ಅನ್ನುವುದು ಅದರ ಮೇಲೇ ಕೆತ್ತಿದ ಗುರುತುಗಳಿಂದ ಗೊತ್ತಾಗುತ್ತದೆ.